ಅಂಕಪಟ್ಟಿಯ ಪಡಿಯಚ್ಚು

ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ನಾನು ಗೆದ್ದವಳು. ಶಿಕಾರಿಪುರದ ನಮ್ಮ ಸ್ನಾತಕೋತ್ತರ ಕೇಂದ್ರದ ನಿರ್ದೇಶಕರ ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಈ ಕುರ್ಚಿ ಕೊಡಿಸಿದ ಹೈಕೋರ್ಟಿನ ಆದೇಶದ ಪ್ರತಿ ಎಡಗಡೆಯ ಡ್ರಾಯರಿನಲ್ಲಿದೆ. ಆ ಕೇಸಿನ ಬಗ್ಗೆ ಊರಲ್ಲಿ ಎರಡು ಮಾತು ಓಡಾಡುತ್ತವೆ. ಹೆಣ್ಣುಮಗಳೊಬ್ಬಳು ವಿಶ್ವವಿದ್ಯಾಲಯವನ್ನೇ ಮಣಿಸಿದಳು ಎಂಬುದು ಒಂದು. ಜಗಳಗಂಟಿಗೆ ಕೊನೆಗೂ ಕುರ್ಚಿ ಸಿಕ್ಕಿತು ಎಂಬುದು ಇನ್ನೊಂದು. ಎರಡನೆಯದನ್ನು ಹೇಳುವವರು ಸತ್ಯಕ್ಕೆ ಹತ್ತಿರವಿದ್ದಾರೆ, ಆದರೆ ಅವರಿಗೂ ಪೂರ್ತಿ ಗೊತ್ತಿಲ್ಲ. ನಮ್ಮ ಕಡೆಯಲ್ಲಿ ಪೂರ್ತಿ ಗೊತ್ತಿದ್ದವರು ಮೂವರೇ. ಒಬ್ಬರು ತೀರಿಕೊಂಡರು, ಇನ್ನೊಬ್ಬರು ನನ್ನ ಮುಖ ನೋಡುವುದಿಲ್ಲ, ಮೂರನೆಯವಳು ನಾನು.

ನಾನು ಇತಿಹಾಸದ ಅಧ್ಯಾಪಕಿ, ಶಾಸನ ಓದುವುದು ನನ್ನ ಕಸುಬು. ಶಿಕಾರಿಪುರದ ಪೇಟೆಯಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಮನೆಯಲ್ಲಿ ಹುಟ್ಟಿದವಳು. ತಾಯಿಯ ತವರು ಸ್ವಾತಂತ್ರ್ಯ ಹೋರಾಟಕ್ಕೆ ಹೆಸರಾದ ಈಸೂರು. ಹಾಗಾಗಿ ಹೋರಾಟ ನನ್ನ ರಕ್ತದಲ್ಲೇ ಇದೆ ಎಂದು ಎಷ್ಟೋ ಸಭೆಗಳಲ್ಲಿ ಭಾಷಣ ಬಿಗಿದಿದ್ದೇನೆ. ನಿಜವಾಗಿ ರಕ್ತದಲ್ಲಿ ಇದ್ದದ್ದು ಸಿಟ್ಟು. ನಮ್ಮಪ್ಪ ಅದನ್ನು ಚಿಕ್ಕಂದಿನಲ್ಲೇ ಗುರುತಿಸಿದ್ದರು. "ನಿನ್ನ ಮೂಗಿನ ತುದಿಯಾಗ ಬೆಂಕಿ ಐತಿ, ಒಲಿ ಹಚ್ಚಾಕ ಕಡ್ಡಿ ಬ್ಯಾಡ" ಎನ್ನುತ್ತಿದ್ದರು.

ಕಲ್ಲು ಓದುವ ಕೆಲಸ ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ಇಪ್ಪತ್ತು ವರ್ಷ ನನ್ನ ಜೊತೆ ಆ ಕೆಲಸ ಮಾಡಿದವರು ನಮ್ಮದೇ ವಿಭಾಗದ ಸಹೋದ್ಯೋಗಿ. ಸೊರಬದ ಕಡೆಯ ಬೇಸಾಯದ ಮನೆಯವರು, ನನಗಿಂತ ಒಂದು ವರ್ಷ ದೊಡ್ಡವರು. ದಿನಾ ಬೆಳಿಗ್ಗೆ ಸೊರಬದಿಂದ ಬಸ್ಸಿನಲ್ಲಿ ಬರುತ್ತಿದ್ದರು, ಬಗಲಲ್ಲಿ ಸುರುಳಿ ಸುತ್ತಿದ ಕಾಗದ, ಚೀಲದಲ್ಲಿ ಬ್ರಷ್ಷು. ಹುದ್ದೆಯಲ್ಲಿ ನನ್ನ ಹಾಗೆಯೇ ಸಹ ಪ್ರಾಧ್ಯಾಪಕರಾದರೂ ಎಲ್ಲರ ಬಾಯಲ್ಲೂ ಅವರು ಸೊರಬದ ಮೇಷ್ಟ್ರು. ಮಾತು ಕಡಿಮೆ. ನಾನು ಹತ್ತು ಆಡಿದರೆ ಅವರದು ಒಂದು, ಅದೂ ಬೇಕಾದರೆ.

ಶಾಸನ ಓದುವ ಮೊದಲು ಕಲ್ಲನ್ನು ತೊಳೆಯಬೇಕು. ಒದ್ದೆ ಮಾಡಿದ ತೆಳು ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರದ ಗುಣಿಯೊಳಗೆ ಇಳಿಸಬೇಕು. ಆಮೇಲೆ ಮೇಲಿಂದ ಮಸಿ ತಟ್ಟಬೇಕು. ಕಪ್ಪು ಕಾಗದದಲ್ಲಿ ಬಿಳಿ ಅಕ್ಷರ ಎದ್ದು ಬರುತ್ತದೆ. ಇದನ್ನು ಪಡಿಯಚ್ಚು ಎನ್ನುತ್ತೇವೆ. ಬಡಿಯುವವರಿಗೆ ಅಕ್ಷರ ಆಗಲೇ ಬೆರಳಿಗೆ ತಿಳಿದುಬಿಡುತ್ತದೆ. ಅದಕ್ಕೇ ನಮ್ಮಲ್ಲೊಂದು ಕಟ್ಟಳೆ ಇತ್ತು. ಪಡಿಯಚ್ಚು ತೆಗೆದವರು ಮೊದಲು ಬಾಯಿ ಬಿಡಬಾರದು. ಅವರು ಹೇಳಿಬಿಟ್ಟರೆ ಎರಡನೆಯವರ ಕಣ್ಣಿಗೂ ಅದೇ ಕಾಣುತ್ತದೆ. ತೆಗೆದವರು ಕಾಗದದ ಮೂಲೆಯಲ್ಲಿ ಸ್ಥಳ, ದಿನ, ತಮ್ಮ ಹೆಸರು ಬರೆಯಬೇಕು. ಕೆಳಗೆ 'ಓದು' ಎಂದು ಬರೆದು, ಮುಂದೆ ಜಾಗ ಖಾಲಿ ಬಿಟ್ಟು, ಎರಡನೆಯವರ ಕೈಗೆ ಕೊಡಬೇಕು. ಎರಡನೆಯವರು ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದಿ ಆ ಜಾಗ ತುಂಬಬೇಕು. ಕಂಡ ಅಕ್ಷರವನ್ನು ಬಿಡುವ ಹಾಗಿಲ್ಲ, ಅದರಿಂದ ತಮ್ಮದೇ ವಾದ ಬಿದ್ದುಹೋದರೂ ಸರಿ.

ನಮ್ಮಿಬ್ಬರಿಗೂ ಈ ಕಟ್ಟಳೆ ಕಲಿಸಿದವರು ಒಬ್ಬರೇ ಗುರುಗಳು. ಶಿಕಾರಿಪುರದವರು, ನಿವೃತ್ತ ಪ್ರಾಧ್ಯಾಪಕರು, ನಮ್ಮಪ್ಪನ ಸ್ನೇಹಿತರು. ನಮ್ಮ ಪೈಕಿಯವರು, ಅಂದರೆ ನಮ್ಮ ಜಾತಿಯವರೇ, ಎಂಬುದನ್ನೂ ಹೇಳಿಬಿಡುತ್ತೇನೆ. ಆಗ ಅದು ದೊಡ್ಡ ಸಂಗತಿ ಅನ್ನಿಸಿರಲಿಲ್ಲ. ನಮ್ಮ ಕಡೆಯವರಿಗೆ ಅದು ಯಾವತ್ತೂ ದೊಡ್ಡದಾಗಿ ಕಾಣುವುದಿಲ್ಲ, ಬೇರೆಯವರಿಗೆ ಕಾಣುತ್ತದೆ.

ಒಮ್ಮೆ ಬಂದಳಿಕೆಯಲ್ಲಿ ಒಂದು ಮುರುಕು ಕಲ್ಲಿನ ಪಡಿಯಚ್ಚು ತೆಗೆದೆವು. ಆ ಕಲ್ಲಿನ ಬಗ್ಗೆ ನಾನು ಆಗಲೇ ಲೇಖನ ಬರೆದು ಅಚ್ಚು ಹಾಕಿಸಿದ್ದೆ. ದಾನ ಕೊಟ್ಟವಳು ಒಬ್ಬ ಹೆಂಗಸು ಎಂದು ಸಾಧಿಸಿದ್ದೆ. ಅಂದು ಬ್ರಷ್ ಹಿಡಿದವರು ಮೇಷ್ಟ್ರು. ಕಾಗದ ಒಣಗುವ ತನಕ ಬೇಲಿಯ ಪಕ್ಕ ಕೂತು ಮಂಡಕ್ಕಿ ತಿಂದರು, ಮೆಕ್ಕೆಜೋಳದ ಹೊಲಕ್ಕೆ ನುಗ್ಗುವ ಹಂದಿಗಳ ಮಾತಾಡಿದರು. ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ನಾನು ಓದಲು ಕೂತೆ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ನನ್ನ ಲೇಖನ ಸತ್ತಿತ್ತು. ದಾನ ಕೊಟ್ಟವನು ಗಂಡಸು, ಹೆಂಗಸು ಅವನ ತಾಯಿ.

"ನಿಮಗ ಮೊದಲೇ ಗೊತ್ತಿತ್ತಲ್ರೀ?" ಎಂದೆ.

"ಬಡಿಯೋವಾಗ್ಲೇ ಗೊತ್ತಾಯ್ತು ಮಾರಾಯ್ರೇ. ಹೇಳ್ಬಾರ್ದಲ್ಲ. ನೀವೇ ಓದಿದ್ರಿ, ಈಗ ಸರಿಯಾಯ್ತು."

ಬಾಯಿಗೆ ಬಂದಂತೆ ಬೈದೆ. ಅವರು ಮಂಡಕ್ಕಿಯ ಪೊಟ್ಟಣ ನನ್ನ ಕಡೆ ಸರಿಸಿದರು. ಎರಡು ತಿಂಗಳಲ್ಲಿ ನನ್ನ ತಪ್ಪನ್ನು ನಾನೇ ಬರೆದು ಅಚ್ಚು ಹಾಕಿಸಿದೆ. ಓದಿದ್ದನ್ನು ಓದಿಲ್ಲ ಎನ್ನುವವಳು ನಾನಲ್ಲ ಎಂದು ವಿದ್ಯಾರ್ಥಿಗಳ ಮುಂದೆ ವರ್ಷಗಟ್ಟಲೆ ಆ ಕಥೆ ಹೇಳಿಕೊಂಡೆ. ಮೇಷ್ಟ್ರು ಆ ಪುಟವನ್ನು ಕತ್ತರಿಸಿ ಡೈರಿಯಲ್ಲಿ ಇಟ್ಟುಕೊಂಡಿದ್ದರಂತೆ.

ಕೆಲವು ವರ್ಷಗಳ ನಂತರ ನಮ್ಮ ಕೇಂದ್ರಕ್ಕೆ ಪ್ರಾಧ್ಯಾಪಕ ದರ್ಜೆಯ ನಿರ್ದೇಶಕ ಹುದ್ದೆ ಮಂಜೂರಾಯಿತು. ಒಂದೇ ಹುದ್ದೆ. ನಾನು ಅರ್ಜಿ ಹಾಕಿದೆ, ಮೇಷ್ಟ್ರೂ ಹಾಕಿದರು. ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯ ಸುತ್ತಲೇ ಸುಳಿದಾಡಿಕೊಂಡಿದ್ದ ಒಬ್ಬ ಮನುಷ್ಯನೂ ಹಾಕಿದ. ಐವರು ಸದಸ್ಯರ ಸಮಿತಿ ಸಂದರ್ಶನ ಮಾಡಿತು. ವಿಷಯ ತಜ್ಞರಾಗಿ ಕೂತಿದ್ದವರು ನಮ್ಮ ಗುರುಗಳು. ಒಬ್ಬೊಬ್ಬ ಸದಸ್ಯರೂ ಒಬ್ಬೊಬ್ಬ ಅಭ್ಯರ್ಥಿಗೂ ಹತ್ತಕ್ಕೆ ಇಂತಿಷ್ಟು ಅಂಕವನ್ನು ಒಂದೇ ಹಾಳೆಯ ಮೇಲೆ ತಮ್ಮ ಕೈಯಿಂದ ಬರೆದು ಸಹಿ ಹಾಕಬೇಕು. ಆ ಹಾಳೆಯೇ ಅಂಕಪಟ್ಟಿ.

ಫಲಿತಾಂಶದಲ್ಲಿ ಆ ಮನುಷ್ಯ ಮೊದಲನೆಯವನು. ನಾನು ಎರಡನೆಯವಳು, ಅಂದರೆ ಕಾಯ್ದಿರಿಸಿದ ಪಟ್ಟಿಯಲ್ಲಿ. ಅವನು ಬರದಿದ್ದರೆ, ಅಥವಾ ಬಿದ್ದುಹೋದರೆ, ನಾನು. ಮೇಷ್ಟ್ರು ಮೂರನೆಯವರು.

ಹೊಸ ನಿರ್ದೇಶಕ ಬಂದ ಮೊದಲ ವಾರವೇ ನಮ್ಮ ಕೋಣೆಗೆ ಬಂದು ಗೋಡೆಯುದ್ದಕ್ಕೂ ಜೋಡಿಸಿದ್ದ ಪಡಿಯಚ್ಚಿನ ಕಟ್ಟುಗಳನ್ನು ನೋಡಿದ. ಈ ಹಳೇ ಪೇಪರೆಲ್ಲ ಯಾಕೆ ಇಟ್ಟಿದ್ದೀರಿ, ಗೆದ್ದಲು ಹಿಡಿಯುತ್ತೆ ಎಂದ. ಅವನನ್ನು ನಾನು ಅಂದಿನಿಂದಲೇ ದ್ವೇಷಿಸಿದೆ. ದ್ವೇಷಿಸಿದೆ ಎಂದು ಬರೆಯಲು ನನಗೆ ಈಗಲೂ ನಾಚಿಕೆಯಿಲ್ಲ. ಮನುಷ್ಯ ಒಳ್ಳೆಯ ಬೂಟು ಹಾಕುತ್ತಿದ್ದ, ಒಳ್ಳೆಯ ಕಾಫಿ ತರಿಸುತ್ತಿದ್ದ, ಒಂದು ಶಾಸನವನ್ನೂ ಓದಲಾರದವನಾಗಿದ್ದ. ವಿಚಾರಿಸಿದಾಗ ತಿಳಿಯಿತು, ಜಾಹೀರಾತು ಕೇಳಿದಷ್ಟು ವರ್ಷ ಅವನು ಸಹ ಪ್ರಾಧ್ಯಾಪಕನಾಗಿ ಕೆಲಸವನ್ನೇ ಮಾಡಿರಲಿಲ್ಲ. ಅತಿಥಿ ಉಪನ್ಯಾಸಕನಾಗಿ ಅಲ್ಲಿ ಇಲ್ಲಿ ಪಾಠ ಹೇಳಿದ್ದನ್ನೂ ಸೇರಿಸಿ ಲೆಕ್ಕ ತುಂಬಿಸಿದ್ದರು.

ಹೈಕೋರ್ಟಿಗೆ ರಿಟ್ ಅರ್ಜಿ ಹಾಕಲು ತೀರ್ಮಾನಿಸಿದೆ. ಮೇಷ್ಟ್ರನ್ನೂ ಜೊತೆಗೆ ಬನ್ನಿ ಎಂದೆ.

"ಮೂರನೇಯವ್ನು ಹೋಗಿ ಎಂತ ಮಾಡೋದು? ನೀವು ಹಾಕಿ. ಕಾಗದ ಪತ್ರ ಹುಡ್ಕೋದಿದ್ರೆ ಹೇಳಿ, ಮಾಡ್ತೇನೆ."

ಸ್ಟಾಫ್ ರೂಮಿನಲ್ಲಿ, ಐದಾರು ಜನರ ಎದುರಿಗೆ, ಅವರನ್ನು ಹೇಡಿ ಎಂದೆ. ಸೊರಬದವರಿಗೆ ಬೆನ್ನುಮೂಳೆ ಇಲ್ಲ, ಬಾಗಿ ಬಾಗಿ ನಾಟಿ ಮಾಡಿ ಅದೇ ಅಭ್ಯಾಸವಾಗಿದೆ ಎಂದೆ. ನಕ್ಕವರು ಇಬ್ಬರು. ಮೇಷ್ಟ್ರು ಲೋಟ ತೊಳೆದಿಟ್ಟು ತರಗತಿಗೆ ಹೋದರು. ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾವಿಬ್ಬರೂ ಸೇರಿ ಕಲ್ಲು ನೋಡಲು ಹೋಗುವುದು ಅಲ್ಲಿಗೆ ನಿಂತಿತು.

ಬೆಂಗಳೂರಿನ ನನ್ನ ವಕೀಲರು ಮೊದಲ ದಿನವೇ ಎಚ್ಚರಿಸಿದ್ದರು. "ಮೇಡಂ, ಕೋರ್ಟು ಅಡುಗೆ ರುಚಿ ನೋಡಲ್ಲ. ಸೌದೆ ಕದ್ದು ತಂದಿದ್ದಾ ಅಂತ ಮಾತ್ರ ನೋಡುತ್ತೆ. ತಜ್ಞರು ನಿಮಗೆ ಯಾಕೆ ಕಡಿಮೆ ಕೊಟ್ಟರು ಅಂತ ಕೇಳಿದರೆ ಜಡ್ಜು ಅರ್ಜಿ ವಜಾ ಮಾಡ್ತಾರೆ. ಅವನಿಗೆ ಅರ್ಹತೆ ಇರಲಿಲ್ಲ ಅನ್ನೋದೊಂದೇ ಹಿಡ್ಕೊಳ್ಳಿ." ಹಿಡಿದುಕೊಂಡೆ. ವಾಯಿದೆಯ ಮೇಲೆ ವಾಯಿದೆ ಬಿತ್ತು. ಬೆಳಿಗ್ಗೆ ಹೋಗಿ ಕೂತರೆ ಸಂಜೆಯ ಹೊತ್ತಿಗೆ ನಮ್ಮ ಕೇಸಿನ ನಂಬರು ಕರೆಯುತ್ತಿದ್ದರು, ವಿಶ್ವವಿದ್ಯಾಲಯದ ವಕೀಲ ಎದ್ದು ಇನ್ನಷ್ಟು ಸಮಯ ಕೇಳುತ್ತಿದ್ದ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷದಲ್ಲಿ ನಾನು ಅವನಿಗೆ ಹಾಕಿದ ಶಾಪವನ್ನು, ದಾನ ಕೆಡಿಸುವವರನ್ನು ಶಪಿಸುವ ಯಾವ ಶಾಸನದ ಕೊನೆಯ ಸಾಲಿನಲ್ಲೂ ನೋಡಿಲ್ಲ.

ಕೊನೆಗೆ ಕೋರ್ಟು ಆಯ್ಕೆಯ ಮೂಲ ಕಡತವನ್ನು ಪರಿಶೀಲಿಸಲು ನನಗೆ ಅನುಮತಿ ಕೊಟ್ಟಿತು. ಅವನ ಅನುಭವ ಪತ್ರಗಳನ್ನು ನೋಡಿಕೊಂಡು ಬರಲು ವಕೀಲರು ಹೇಳಿ ಕಳಿಸಿದರು. ಕುಲಸಚಿವರ ಕಚೇರಿಯ ಒಂದು ಮೂಲೆಯಲ್ಲಿ ಮೇಜು ಹಾಕಿಕೊಟ್ಟರು. ಕಾವಲಿಗೆ ಒಬ್ಬ ಗುಮಾಸ್ತ ಎದುರಿಗೆ ಕೂತ. ಅನುಭವ ಪತ್ರಗಳು ನನಗೆ ಬೇಕಾದ ಹಾಗೆಯೇ ಇದ್ದವು. ಟಿಪ್ಪಣಿ ಮಾಡಿಕೊಂಡು ಪುಟ ತಿರುವಿದೆ. ಅಂಕಪಟ್ಟಿ ಬಂತು.

ಇದರ ಜೆರಾಕ್ಸ್ ನನ್ನ ಬಳಿ ಆಗಲೇ ಇತ್ತು. ಜೆರಾಕ್ಸಿನಲ್ಲಿ ಕಾಣದ ಒಂದು ಸಂಗತಿ ಮೂಲದಲ್ಲಿತ್ತು. ಗುರುಗಳ ಕಾಲಮಿನಲ್ಲಿ ಎರಡು ಮನೆಗಳಿಗೆ ಬಿಳಿ ಬಣ್ಣ ಬಳಿದು, ಅದು ಒಣಗಿದ ಮೇಲೆ ಹೊಸ ಅಂಕಿ ಬರೆದಿದ್ದರು. ಪಕ್ಕದಲ್ಲಿದ್ದ ಗುರುಗಳ ಚಿಕ್ಕ ಸಹಿ ಜೆರಾಕ್ಸಿನಲ್ಲೂ ಇತ್ತು, ಯಾಕೆಂದು ಈಗ ತಿಳಿಯಿತು. ಒಂದು ನನ್ನ ಮನೆ, ಇನ್ನೊಂದು ಮೇಷ್ಟ್ರ ಮನೆ. ಸಿಕ್ಕಿಬಿದ್ದಿರಿ ಎಂದುಕೊಂಡೆ. ನನಗೆ ಹೆಚ್ಚು ಕೊಟ್ಟಿದ್ದರು, ಯಾರೋ ಒತ್ತಾಯ ಮಾಡಿ ಇಳಿಸಿದ್ದಾರೆ, ಗುರುಗಳ ಕೈ ಹಿಡಿದು ತಿದ್ದಿಸಿದ್ದಾರೆ ಎಂದೇ ನಂಬಿದೆ. ಸಂತೋಷವೂ ಆಯಿತು.

ಹಾಳೆಯ ಹಿಂಬದಿಗೆ ಹೆಬ್ಬೆರಳು ಹೋದದ್ದು ಕಸುಬಿನ ಅಭ್ಯಾಸದಿಂದ. ಗುರುಗಳು ಪೆನ್ನನ್ನು ಒತ್ತಿ ಬರೆಯುವವರು. ಹಾಳೆಯ ಮೇಲೆ ನೇರವಾಗಿ ಬರೆದ ಅಂಕಿ ಹಿಂದೆ ಉಬ್ಬಿ ಮೂಡುತ್ತದೆ, ಒಣಗಿದ ಬಣ್ಣದ ಹೊರೆಯ ಮೇಲೆ ಬರೆದದ್ದು ಮೂಡುವುದಿಲ್ಲ. ಹಾಗಾಗಿ ಹಿಂಬದಿಯಲ್ಲಿ ಉಳಿದಿದ್ದದ್ದು ಹಳೆಯ ಅಂಕಿಗಳು ಮಾತ್ರ. ತಡವಿದೆ. ಇನ್ನೊಮ್ಮೆ ತಡವಿದೆ. ಮೂರನೆಯ ಸಲ ಕಣ್ಣು ಮುಚ್ಚಿ ತಡವಿದೆ.

"ಹಾಳೆ ಹರಿದೀತು ಮೇಡಂ" ಎಂದ ಗುಮಾಸ್ತ.

ಇಳಿಸಿದ್ದು ಮೇಷ್ಟ್ರ ಅಂಕವನ್ನು. ನನ್ನದನ್ನು ಏರಿಸಿದ್ದರು. ಹಳೆಯ ಅಂಕಿಗಳನ್ನು ಕೂಡಿದರೆ ಎರಡನೆಯವರು ಮೇಷ್ಟ್ರು, ನಾನು ಮೂರನೆಯವಳು. ಆ ಅನರ್ಹ ಮನುಷ್ಯ ಬಿದ್ದರೆ ಕುರ್ಚಿ ಅವರದು.

ವರಾಂಡಕ್ಕೆ ಬಂದು ವಕೀಲರಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ.  "ಅದನ್ನ ಮುಟ್ಟಬೇಡಿ. ಪಟ್ಟಿ ಬಿದ್ದರೆ ನೀವೂ ಬೀಳ್ತೀರಿ. ನಮ್ಮ ಅರ್ಜಿಯಲ್ಲಿ ಅಂಕದ ವಿಷಯ ಇಲ್ಲ, ಕೋರ್ಟು ಕೇಳಿಲ್ಲ, ನೀವು ಹೇಳಬೇಕಿಲ್ಲ" ಎಂದರು. ಕಾನೂನಿನ ಮಾತು ಹಾಗೆ ಬೆಣ್ಣೆ ಸವರಿಕೊಂಡು ಬರುತ್ತದೆ. ನುಂಗಿದೆ. ಗಂಟಲಿಗೆ ಸಿಕ್ಕಿಕೊಳ್ಳಲಿಲ್ಲ.

ಶಿಕಾರಿಪುರಕ್ಕೆ ಬಂದವಳೇ ಗುರುಗಳ ಮನೆಗೆ ಹೋದೆ. ಜಗಳಕ್ಕೇ ಹೋದದ್ದು. ಅವರು ಆಗಲೇ ಹಾಸಿಗೆ ಹಿಡಿದಿದ್ದರು, ಆದರೂ ಬುದ್ಧಿ ಚುರುಕಾಗಿತ್ತು. ಅಂಕಪಟ್ಟಿ ಎಂದ ತಕ್ಷಣ ಅರ್ಥವಾಯಿತು.

"ಮೊದಲನೇದು ಅವಂಗ ಅಂತ ಮೇಲಿನವ್ರು ಬರೆದು ಇಟ್ಟಿದ್ರವ್ವ. ನನ್ನ ಕೈಯಾಗ ಇದ್ದದ್ದು ಎರಡನೇದು ಒಂದ. ನಮ್ಮ ಪೈಕಿ ಹುಡುಗಿ ಮೂರನೇ ಜಾಗದಾಗ ಕುಂತ್ರ ಪ್ಯಾಟ್ಯಾಗ ನಾ ನಿಮ್ಮಪ್ಪನ ಮುಂದ ಹೆಂಗ ಓಡಾಡ್ಲಿ?"

"ಓದಿದ ಅಕ್ಷರ ಬಿಡಬಾರದು ಅಂತ ಕಲಿಸಿದವರು ನೀವ ಅಲ್ರೀ?"

"ಅದು ಕಲ್ಲಿಗೆ. ಕಲ್ಲಿಗೆ ನೆಂಟ್ರು ಇರಂಗಿಲ್ಲ."

ನನಗೆ ಅವರ ಮೇಲೆ ಹೇಸಿಗೆಯಾಯಿತು. ಆದರೂ ಎದ್ದು ಬರುವಾಗ ಅವರ ಕಾಲು ಮುಟ್ಟಿದೆ. ಮನೆಯಲ್ಲಿ ಕಲಿಸಿದ ಅಭ್ಯಾಸ, ಸಿಟ್ಟಿನಲ್ಲೂ ಸೊಂಟ ತಾನಾಗಿ ಬಾಗುತ್ತದೆ. ಸೊರಬದವರ ಬೆನ್ನುಮೂಳೆಯ ಬಗ್ಗೆ ಮಾತಾಡಿದ್ದವಳು ನಾನೇ.

ತೀರ್ಪು ಬಂತು. ತಜ್ಞರ ಸಮಿತಿ ಹಾಕಿದ ಅಂಕಗಳ ಮೇಲೆ ತಾನು ಕೂತು ಇನ್ನೊಮ್ಮೆ ಅಂಕ ಹಾಕುವುದಿಲ್ಲ ಎಂದಿತು ಕೋರ್ಟು. ಆದರೆ ನಿಯಮ ಕೇಳುವ ಅನುಭವವೇ ಇಲ್ಲದವನನ್ನು ನೇಮಿಸಿದ್ದು ಸರಿಯಲ್ಲ, ಆ ನೇಮಕಾತಿ ರದ್ದು, ಪಟ್ಟಿಯಲ್ಲಿ ಅವನ ನಂತರ ಇರುವ ಅರ್ಹರನ್ನು ಪರಿಗಣಿಸಿ ಎಂದಿತು. ಅವನ ನಂತರ ಇದ್ದವಳು ನಾನು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ ವಿಶ್ವವಿದ್ಯಾಲಯ ಆದೇಶವನ್ನು ತಿಂಗಳುಗಟ್ಟಲೆ ಅದುಮಿಟ್ಟುಕೊಂಡಿತು. ಮತ್ತೆ ಬೆದರಿಸಿದೆ, ನ್ಯಾಯಾಂಗ ನಿಂದನೆಯ ಅರ್ಜಿ ಹಾಕುತ್ತೇನೆ ಎಂದೆ. ನ್ಯಾಯ ನ್ಯಾಯ ಎಂದು ಕಚೇರಿಯ ಕಾರಿಡಾರಿನಲ್ಲಿ ನಿಂತು ಕೂಗಿದೆ. ಆ ಶಬ್ದ ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ನೆನೆದರೆ ಈಗ ಮೈ ಉರಿಯುತ್ತದೆ.

ನಾನು ಅಧಿಕಾರ ವಹಿಸಿಕೊಂಡ ದಿನ ಎಲ್ಲರೂ ಬಂದು ಹಾರ ಹಾಕಿದರು. ಮೇಷ್ಟ್ರು ಬರಲಿಲ್ಲ. ಹೊಟ್ಟೆಕಿಚ್ಚು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಬಹಳ ಅನುಕೂಲವಾಗಿತ್ತು.

ಆಮೇಲಿನ ವರ್ಷಗಳಲ್ಲಿ ನಾನು ಮೇಷ್ಟ್ರಿಗೆ ಕೊಟ್ಟ ಕಾಟವನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ದಿನಾ ಮುಟ್ಟಿ ನೋಡಿಕೊಳ್ಳುತ್ತಿದ್ದೆ, ಅವರು ಕಣ್ಣಿಗೆ ಬಿದ್ದಾಗಲೆಲ್ಲ. ಹಾಗಾಗಿ ಅವರು ಕಣ್ಣಿಗೆ ಬೀಳುವುದೇ ಅಪರಾಧವಾಯಿತು. ಸೊರಬದ ಬಸ್ಸು ತಡವಾಗುತ್ತದೆ ಎಂದು ಗೊತ್ತಿದ್ದೇ ಮೊದಲ ಪೀರಿಯಡ್ಡು ಅವರಿಗೆ ಹಾಕಿಸಿದೆ. ಹತ್ತು ನಿಮಿಷ ತಡವಾದರೆ ಕಾರಣ ಕೇಳಿ ನೋಟಿಸು ಕೊಟ್ಟೆ. ಅವರೂ ಸಾಧುವೇನಲ್ಲ. ನನ್ನ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಎದುರು ಕೋಣೆಯಲ್ಲಿ ಕೂತಿದ್ದರೂ ರಜೆಯ ಅರ್ಜಿಯನ್ನು ಅಂಚೆಯಲ್ಲಿ, ರಿಜಿಸ್ಟರ್ಡ್ ಮಾಡಿ ಕಳಿಸುತ್ತಿದ್ದರು. ಅದು ಪೇಟೆಯ ಅಂಚೆ ಕಚೇರಿಗೆ ಹೋಗಿ ಮರುದಿನ ನನ್ನ ಮೇಜಿಗೆ ಬರುತ್ತಿತ್ತು. ನೋಟಿಸಿಗೆ ಒಂದೇ ಸಾಲಿನ ಉತ್ತರ ಬರೆಯುತ್ತಿದ್ದರು: "ಬಸ್ಸು ತಡ. ತಾವು ಬಲ್ಲಿರಿ." ಆ 'ತಾವು ಬಲ್ಲಿರಿ' ನನ್ನ ನಿದ್ದೆ ಕೆಡಿಸುತ್ತಿತ್ತು.

ಅಂಜನಾಪುರದ ಕಾಲುವೆಯ ಪಕ್ಕ ಹೂಳು ತೆಗೆಯುವಾಗ ಒಂದು ಬರಹದ ಕಲ್ಲು ಎದ್ದಿತು. ಪಡಿಯಚ್ಚು ತೆಗೆಯಲು ಮೇಷ್ಟ್ರು ಅನುಮತಿ ಕೇಳಿದರು. ಪರೀಕ್ಷೆಯ ಕೆಲಸವಿದೆ ಎಂದು ನಿರಾಕರಿಸಿದೆ. ಒಂದು ಭಾನುವಾರ ಒಬ್ಬರೇ ಹೋಗಿ ತೆಗೆದುಕೊಂಡು ಬಂದರು. ಸೋಮವಾರ ಆ ಸುರುಳಿ ಟಪಾಲಿನ ಜೊತೆ ನನ್ನ ಮೇಜಿಗೆ ಬಂತು. ಮೂಲೆಯಲ್ಲಿ ಸ್ಥಳ, ದಿನ, ಅವರ ಹೆಸರು. ಓದಿನ ಮುಂದೆ ಜಾಗ ಖಾಲಿ. ಅಷ್ಟು ಜಗಳದ ನಡುವೆಯೂ ಓದಲು ನನಗೇ ಕಳಿಸಿದ್ದರು. ಕಾಗದದ ಮೇಲೆ ಅಕ್ಷರಗಳು ಎಷ್ಟು ಚೆನ್ನಾಗಿ ಎದ್ದಿದ್ದವೆಂದರೆ ನನ್ನ ಕೈ ತುರಿಸಿತು. ಆದರೂ 'ಅನುಮತಿ ಇಲ್ಲದೆ ಮಾಡಿದ ಕೆಲಸ, ಹಿಂದಿರುಗಿಸಲಾಗಿದೆ' ಎಂದು ಬರೆದು ವಾಪಸು ಕಳಿಸಿದೆ. ಮಾಡಿದವುಗಳಲ್ಲೆಲ್ಲ ಅತಿ ಕೆಟ್ಟದ್ದು ಅದೇ ಎಂದು ನನಗೆ ಅನ್ನಿಸುತ್ತದೆ.

ಮೇಷ್ಟ್ರು ಕಳೆದ ವರ್ಷ ನಿವೃತ್ತರಾದರು. ಸಹ ಪ್ರಾಧ್ಯಾಪಕರಾಗಿಯೇ. ಬೀಳ್ಕೊಡುಗೆ ಸಮಾರಂಭ ಬೇಡ ಎಂದು ಮೊದಲೇ ಅಂಚೆಯಲ್ಲಿ ತಿಳಿಸಿದ್ದರು. ಕೊನೆಯ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೊದಲ ಬಾರಿಗೆ ನನ್ನ ಕೋಣೆಯೊಳಗೆ ಬಂದರು. ಕೂರಿ ಎಂದೆ. ಕೂರಲಿಲ್ಲ. ಚೀಲದಿಂದ ಅಂಗೈಯಷ್ಟು ಅಗಲದ ತೆಳು ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ನಾವು ಶಾಸನಕ್ಕೆ ಬಳಸುವ ಕಾಗದವೇ. ಅದರ ಮೇಲೆ ಪೆನ್ಸಿಲಿನಿಂದ ಉಜ್ಜಿ ಎಬ್ಬಿಸಿದ ಎರಡು ಅಂಕಿ. ಹಾಳೆಯ ಹಿಂಬದಿಯಿಂದ ತೆಗೆದದ್ದಾದ್ದರಿಂದ ತಲೆಕೆಳಗಾಗದಿದ್ದರೂ ಎಡಬಲ ಅದಲುಬದಲಾಗಿದ್ದವು. ಬೆಳಕಿಗೆ ಹಿಡಿದು ಹಿಂದಿನ ಮಗ್ಗುಲಿನಿಂದ ನೋಡಿದರೆ ನೇರ. ನಾನು ಹಿಡಿದು ನೋಡುವ ಅಗತ್ಯ ಇರಲಿಲ್ಲ.

ಮೂಲೆಯಲ್ಲಿ ಅವರ ಕೈಬರಹದಲ್ಲಿ ಸ್ಥಳ, ದಿನ, ಹೆಸರು. ದಿನ ನೋಡಿದೆ. ನಾನು ಕಡತ ನೋಡುವುದಕ್ಕೆ ಹದಿನೈದು ದಿನ ಮೊದಲಿನದು. ಓದಿನ ಮುಂದೆ ಜಾಗ ಖಾಲಿ.

"ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿ ಹೋಗಿದ್ದೆ" ಎಂದರು. "ನಿಮ್ಮ ಕೇಸಿಗೆ ಎಂತಾದ್ರೂ ಸಿಗ್ತದಾ ಅಂತ. ಹೇಡಿ ಅಂದಿದ್ರಲ್ಲ."

"ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದು ಈಗ ತಂದೀರಾ?" ಎಂದೆ. ತಪ್ಪು ಮಾಡಿದವಳಿಗೆ ಧ್ವನಿ ಯಾವಾಗಲೂ ಜೋರು.

"ತೆಗೆದವ್ನು ಮೊದ್ಲು ಬಾಯಿ ಬಿಡ್ಬಾರ್ದಲ್ಲ."

"ನನಗ ಅದು ಕಾಣ್ಲಿಲ್ರೀ. ನಾ ಬರೇ ಅನುಭವ ಪತ್ರ ನೋಡಿ ಬಂದೆ."

"ಹೆಬ್ಬೆರಳಲ್ಲಿ ಮೂರು ಸಲ ತಡವಿದ್ರಂತೆ. ಆಮೇಲೆ ಸಿಕ್ಕಾಗ ಆ ಗುಮಾಸ್ತನೇ ಹೇಳ್ದ. ನಿಮ್ಮಿಬ್ರಿಗೂ ಎಂತ ಹುಚ್ಚು ಮಾರಾಯ್ರೇ, ಬಂದವ್ರೆಲ್ಲ ಹಿಂದ್ಗಡೆನೇ ಓದ್ತೀರಲ್ಲ ಅಂದ."

 ನನ್ನ ಬಾಯಿಂದ ಬಂದದ್ದು ಕ್ಷಮೆಯ ಮಾತಲ್ಲ. "ನೀವು ಕೋರ್ಟಿಗೆ ಹೋಗಬೇಕಿತ್ತು. ಹೋಗದಿದ್ದದ್ದು ನಿಮ್ಮ ತಪ್ಪು" ಎಂದೆ.

"ಹೌದು, ನಂದೇ ತಪ್ಪು" ಎಂದರು ಮೇಷ್ಟ್ರು. ಆ ಧ್ವನಿಯಲ್ಲಿ ಒಂದು ಚೂರೂ ಕ್ಷಮೆ ಇರಲಿಲ್ಲ. "ನಿಮ್ಮನ್ನ ಕಲ್ಲಿನ ಮುಂದೆ ನೋಡಿದ್ದೆ. ಕೋರ್ಟಲ್ಲೂ ಹಂಗೇ ಇರ್ತೀರಿ ಅಂದ್ಕೊಂಡೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ತೀರ್ಪು ಬಂತು. ಆಮೇಲೆ ನಾನು ಹೇಳಿದ್ರೆ ಸೋತವ್ನ ಮಾತು ಅಂತಿದ್ರು."

"ಈಗೇನ್ ಮಾಡ್ಬೇಕು? ಸಹಿ ಹಾಕ್ಲಾ?"

"ಸಹಿ ಬೇಡ. ಓದು ಬರೀರಿ. ಅಂಜನಾಪುರದ್ದು ಬೇರೆಯವ್ರ ಹತ್ರ ಓದಿಸ್ದೆ. ಇದನ್ನ ಬೇರೆಯವ್ರ ಹತ್ರ ಓದ್ಸಕ್ಕಾಗಲ್ಲ."

ಹೋದರು. ಎರಡೂವರೆಯ ಸೊರಬದ ಬಸ್ಸಿಗೆ. ಕಿಟಕಿಯಿಂದ ನೋಡಿದೆ, ಬಗಲಲ್ಲಿ ಸುರುಳಿ ಇರಲಿಲ್ಲ.

ಅವರ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಬೈದು ಹೋಗಿದ್ದರೆ, ಪತ್ರಿಕೆಗೆ ಕೊಟ್ಟಿದ್ದರೆ, ನಾನು ಎದುರು ನಿಂತು ಜಗಳವಾಡಿ ಗೆಲ್ಲುತ್ತಿದ್ದೆ. ಗೆಲ್ಲುವುದು ನನಗೆ ಬರುತ್ತದೆ. ಈ ಮನುಷ್ಯ ಖಾಲಿ ಜಾಗವೊಂದನ್ನು ಮೇಜಿನ ಮೇಲೆ ಇಟ್ಟು ಹೋದರು. ಅದನ್ನು ಡ್ರಾಯರಿಗೆ ಹಾಕಿದೆ, ಹೈಕೋರ್ಟಿನ ಆದೇಶದ ಕೆಳಗೆ. ಒಂದು ವರ್ಷ ಅಲ್ಲೇ ಇತ್ತು. ಈ ನಡುವೆ ಸೊರಬಕ್ಕೆ ಒಮ್ಮೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಅವರು ಎದುರಾದರು. ನನ್ನನ್ನು ದಾಟಿ ಹಿಂದಿದ್ದ ವೇಳಾಪಟ್ಟಿಯನ್ನು ಓದುತ್ತಾ ನಿಂತರು.

ನನ್ನ ನಿವೃತ್ತಿ ಮುಂದಿನ ತಿಂಗಳು. ಇನ್ನು ನನ್ನನ್ನು ಈ ಕುರ್ಚಿಯಿಂದ ಯಾವ ಕೋರ್ಟೂ ಎಬ್ಬಿಸಬೇಕಿಲ್ಲ, ವಯಸ್ಸೇ ಎಬ್ಬಿಸುತ್ತದೆ. ಅವರಿಗೆ ಹಿಂದಿರುಗಿಸಬಹುದಾದ್ದು ಏನೂ ನನ್ನ ಬಳಿ ಉಳಿದಿಲ್ಲ. ಈಗ ಹೇಳಿದರೆ ನನಗೆ ಹೋಗುವುದು ಹೆಸರೊಂದೇ, ಅದಕ್ಕೇ ಹೇಳುತ್ತಿದ್ದೇನೆ. ಇದನ್ನು ಧೈರ್ಯ ಎಂದು ಯಾರೂ ಕರೆಯಬೇಡಿ, ಅಂಥವರನ್ನು ಕಂಡರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ಇವತ್ತು ಬೆಳಿಗ್ಗೆ ಡ್ರಾಯರ್ ತೆಗೆದು ಆ ಕಾಗದವನ್ನು ಹೊರಗಿಟ್ಟೆ. ಮೂಲೆಯ ಖಾಲಿ ಜಾಗ ತುಂಬಿದೆ. ಒಂದು ಪ್ರತಿ ಕುಲಸಚಿವರಿಗೆ ಹೋಗುತ್ತದೆ. ಮೂಲ ಸೊರಬಕ್ಕೆ ಹೋಗುತ್ತದೆ, ರಿಜಿಸ್ಟರ್ಡ್ ಅಂಚೆಯಲ್ಲಿ. ಬರೆದದ್ದು ಇಷ್ಟು.

ಸ್ಥಳ: ವಿಶ್ವವಿದ್ಯಾಲಯದ ಕಚೇರಿ, ಸಂದರ್ಶನದ ಅಂಕಪಟ್ಟಿ, ವಿಷಯ ತಜ್ಞರ ಕಾಲಮು, ಹಿಂಬದಿ. ತೆಗೆದವರು: ಸೊರಬದ ಮೇಷ್ಟ್ರು. ಓದು: ನನ್ನ ಒಂಬತ್ತರ ಕೆಳಗೆ ಆರು. ಅವರ ಐದರ ಕೆಳಗೆ ಒಂಬತ್ತು. ಓದಿದವಳು ನಾನು. ಮೊದಲ ಸಲವೇ ಸರಿಯಾಗಿ ಓದಿದ್ದೆ.